ಹದಿನೇಳು ಅಂತರಾ

ಮಳೆಗೆ ಸಿಕ್ಕ ಮೆಕ್ಕೆಜೋಳ ಮೂರನೆಯ ದಿನಕ್ಕೆ ಹುಳಿ ವಾಸನೆ ಹಿಡಿಯುತ್ತದೆ. ಹೋದ ತಿಂಗಳು ಹರಪನಹಳ್ಳಿಗೆ ಹೋಗಿದ್ದಾಗ ಬಸ್ ನಿಲ್ದಾಣದಿಂದ ನಮ್ಮ ಓಣಿಗೆ ತಿರುಗುವ ಕಡೆ ರಸ್ತೆಯ ಅರ್ಧಕ್ಕೆ ಹರವಿದ್ದ ಜೋಳದಿಂದ ಆ ವಾಸನೆ ಬಂತು. ಕೈಯಲ್ಲಿದ್ದ ಚೀಲ ಕೆಳಗಿಟ್ಟು ನಿಂತುಬಿಟ್ಟೆ. ಆರು ವರ್ಷದ ಹಿಂದೆ, ೧೯೯೮ರ ಮಳೆಗಾಲದಲ್ಲಿ, ದಿನಾ ಬೆಳಿಗ್ಗೆ ಒಂಬತ್ತಕ್ಕೆ ಇದೇ ವಾಸನೆ ದಾಟಿಕೊಂಡು ನಾನು ವೀರಭದ್ರಯ್ಯ ಮಾಸ್ತರ ಮನೆಗೆ ಹೋಗುತ್ತಿದ್ದೆ. ಈಗ ಕೂಡ್ಲಿಗಿಯ ಶಾಲೆಯೊಂದರಲ್ಲಿ ಮಕ್ಕಳಿಗೆ ಪಾಠ ಹೇಳುತ್ತೇನೆ. ಸುಳ್ಳು ಹೇಳಬಾರದು ಎಂಬ ಪಾಠ ಬಂದ ದಿನ ಪುಸ್ತಕ ನೋಡಿಯೇ ಓದಿ ಮುಗಿಸುತ್ತೇನೆ.

ಆಗ ನನಗೆ ಇಪ್ಪತ್ತೆರಡು. ಬಿ.ಎ. ಮುಗಿದಿತ್ತು, ಬಿ.ಎಡ್. ಸೀಟು ಸಿಕ್ಕಿರಲಿಲ್ಲ. ಒಂದು ವರ್ಷ ಖಾಲಿ. ಎಂಟನೆಯ ತರಗತಿಯಿಂದ ದಿನಚರಿ ಬರೆಯುವ ಅಭ್ಯಾಸವಿತ್ತು. ಎದ್ದ ಹೊತ್ತು, ಮಳೆ ಬಂತೋ ಇಲ್ಲವೋ, ಓದಿದ ಪುಟ, ಮನೆಗೆ ಬಂದವರು, ಎಲ್ಲ ಅದರಲ್ಲಿ. ಓಣಿಯವರು ಮನೆಯ ಬಾಗಿಲಿಗೆ ಬಂದು, "ಗಿರಿಜಾ, ನಮ್ಮ ಕರಿ ಎಮ್ಮಿ ಯಾವತ್ತು ಈದಿತ್ತವಾ?" ಎಂದು ಕೇಳುತ್ತಿದ್ದರು. ನಾನು ಒಳಹೋಗಿ ನೋಡಿ ಬಂದು ತಾರೀಖು ಹೇಳುತ್ತಿದ್ದೆ. ನಾನು ಹೇಳಿದ ತಾರೀಖಿಗೆ ಎದುರು ಮಾತಿರಲಿಲ್ಲ. ಅದು ನನ್ನ ಹೆಮ್ಮೆಯಾಗಿತ್ತು.

ಮಾಸ್ತರಿಗೆ ಆ ವರ್ಷ ಅರವತ್ತು ತುಂಬುತ್ತಿತ್ತು. ನಾಟಕ ಕಂಪನಿಯಲ್ಲಿ ಹಾರ್ಮೋನಿಯಂ ನುಡಿಸಿ ಬಂದವರು. ನಮ್ಮ ಕಡೆ ಅದನ್ನು ಪೇಟಿ ಎನ್ನುತ್ತಾರೆ, ಹಾಗಾಗಿ ಅವರು ಪೇಟಿ ಮಾಸ್ತರು. ಆದರೆ ಅವರ ಬಾಳಿನ ಕೆಲಸ ಚೀಜು ಕಟ್ಟುವುದು. ಹಿಂದೂಸ್ತಾನಿ ರಾಗಗಳಲ್ಲಿ, ಕನ್ನಡ ಮಾತಿನಲ್ಲಿ, ನಾಲ್ಕೇ ಸಾಲಿನ ಹಾಡುಗಳು. ಮೊದಲರ್ಧಕ್ಕೆ ಸ್ಥಾಯಿ ಎನ್ನುತ್ತಾರೆ, ಎರಡನೆಯ ಅರ್ಧಕ್ಕೆ ಅಂತರಾ. ಸ್ಥಾಯಿ ಮನೆಯಲ್ಲಿ ಕೂತ ಹಾಗೆ, ಅಂತರಾ ಮನೆಯಿಂದ ಹೊರಬಿದ್ದು ಮೇಲಿನ ಷಡ್ಜ ಮುಟ್ಟಿ ಮತ್ತೆ ಒಳಗೆ ಬರುವ ಹಾಗೆ ಎಂದು ಅವರೇ ನನಗೆ ಹೇಳಿಕೊಟ್ಟಿದ್ದರು. ಅವನ್ನೆಲ್ಲ ಒಂದು ಪುಸ್ತಕ ಮಾಡಿ ಸನ್ಮಾನ ಮಾಡಬೇಕೆಂದು ಊರಲ್ಲಿ ಸಮಿತಿಯಾಯಿತು. ಅಧ್ಯಕ್ಷರು ನನ್ನ ಸೋದರಮಾವ, ಜೋಳದ ವ್ಯಾಪಾರಿ ಸೋಮಣ್ಣ. ಮಾಸ್ತರ ಹತ್ತಿರ ನಾಲ್ಕು ವರ್ಷ ಹಾಡು ಕಲಿತಿದ್ದ ನನಗೆ ಬರೆದುಕೊಳ್ಳುವ ಕೆಲಸ ಬಂತು.

ಜೂನ್ ಎಂಟು, ಸೋಮವಾರ ಶುರು ಮಾಡಿದೆ. ಮಾಸ್ತರು ನುಡಿಸುವರು, ನಾನು ಸ್ವರ ಬರೆದುಕೊಂಡು ಹಾಡಿ ತೋರಿಸುವೆ. ತಾಳಕ್ಕೆ, ನಲವತ್ತು ವರ್ಷದಿಂದ ಅವರ ಗೆಳೆಯರಾದ ಗಡಿಯಾರ ರಿಪೇರಿ ಹುಸೇನಸಾಬರು, ಅಂಗಡಿಗೆ ಹೋಗುವ ಮುಂಚೆ ಬಂದು ತಬಲಾ ಮುಂದೆ ಕೂರುವರು. ನಾನು ಸ್ಕೇಲಿಟ್ಟು ಗೆರೆ ಎಳೆಯುವುದನ್ನು ನೋಡಿ ನಗುವರು.

"ಏನ್ ಕಾರಕೂನವ್ವಾ, ಇವತ್ತು ನಿಮ್ಮ ಮಾಸ್ತರ ಎಷ್ಟು ಸಲ ಕೆಮ್ಮಿದ ಬರಕೊಂಡ್ಯಾ?"

"ಏಳು ಸಲರಿ."

"ನೋಡಪಾ ವೀರಭದ್ರ, ನಿನ್ನ ಕೆಮ್ಮೂ ಪುಸ್ತಕದಾಗ ಬರ್ತೈತಿ. ಯಾವ ರಾಗದಾಗ ಕೆಮ್ಮಿದಿ ಹೇಳಿಬಿಡು."

ಜುಲೈ ಮುಗಿಯುವ ಹೊತ್ತಿಗೆ ಹಳೆಯ ಚೀಜುಗಳು ಇಪ್ಪತ್ತೆರಡಾದವು. ಅವನ್ನು ಶುದ್ಧಪ್ರತಿ ಮಾಡುವಾಗ ಒಂದು ವಿಚಿತ್ರ ಕಂಡಿತು. ಒಂಬತ್ತು ಚೀಜುಗಳಲ್ಲಿ, ಅಂತರಾದ ಮೊದಲ ಮಾತು ಮುಗಿದ ಕೂಡಲೇ ತಾಳದ ಎರಡು ಮಾತ್ರೆ ಖಾಲಿ. ದನಿಯಿಲ್ಲ, ಪದವಿಲ್ಲ, ತಬಲಾ ಮಾತ್ರ. ನನ್ನ ಬರಹದಲ್ಲಿ ಅಲ್ಲಿ ಎರಡು ಸಣ್ಣ ಅಡ್ಡಗೆರೆ. ಉಳಿದ ಹದಿಮೂರರಲ್ಲಿ ಒಂದರಲ್ಲೂ ಇಲ್ಲ. ಕೇಳಿದೆ. ಮಾಸ್ತರು ಪೇಟಿಯ ಮೇಲಿನ ಧೂಳು ಒರೆಸತೊಡಗಿದರು.

ಹುಸೇನಸಾಬರು, "ಅದನ್ನ ಹಡಗಲಿಯಾಗ ಕೇಳಬೇಕು" ಎಂದರು.

"ಸುಮ್ನಿರೋ ಲೇ."

"ಯಾಕ ಸುಮ್ನಿರ್ಲಿ? ತಿಂಗಳಿಗೆ ಎರಡು ಐತವಾರ ಎಲ್ಲಿಗೆ ಹೋಕ್ಕಿ ಅಂತ ಊರಾಗಿನ ನಾಯಿಗೂ ಗೊತ್ತೈತಿ. ಬರಿಯಾಕಿಗೆ ಗೊತ್ತಾದ್ರ ಏನಾತು?"

ಹೀಗೆ ಆಗಸ್ಟ್ ಹದಿನಾರು, ಭಾನುವಾರ ನಾನು ಮಾಸ್ತರ ಜೊತೆ ಹಡಗಲಿಗೆ ಹೋದೆ. ರತ್ನಮ್ಮನವರದು ಅಲ್ಲಿ ಸಣ್ಣ ಖಾನಾವಳಿ. ಮೂವತ್ತು ವರ್ಷದ ಕೆಳಗೆ ಮಾಸ್ತರು ಪೇಟಿ ನುಡಿಸುತ್ತಿದ್ದ ಕಂಪನಿಯಲ್ಲೇ ಅವರು ಹಾಡುವ ನಟಿ. ಕಂಪನಿ ಮುಳುಗಿತು. ಮಾಸ್ತರು ಮನೆಯವರು ಗೊತ್ತು ಮಾಡಿದ ಹುಡುಗಿಯನ್ನು ಮದುವೆಯಾದರು. ರತ್ನಮ್ಮನವರು ಮದುವೆಯೇ ಆಗಲಿಲ್ಲ. ಮಾಸ್ತರ ಹೆಂಡತಿ ತೀರಿಕೊಂಡು ಎಂಟು ವರ್ಷವಾದ ಮೇಲೂ ಇಬ್ಬರೂ ತಮ್ಮ ತಮ್ಮ ಊರಲ್ಲೇ ಇದ್ದರು. ಇದನ್ನೆಲ್ಲ ಬಸ್ಸಿನಲ್ಲಿ ಮಾಸ್ತರೇ ಹೇಳಿದರು, ಕಿಟಕಿಯ ಹೊರಗೆ ನೋಡುತ್ತಾ.

ಊಟದ ಗಿರಾಕಿಗಳು ಹೋದ ಮೇಲೆ ಮೂರು ಗಂಟೆಯಿಂದ ಐದರ ತನಕ ಅಲ್ಲಿ ಬಿಡುವು. ರತ್ನಮ್ಮನವರು ಮೊರದಲ್ಲಿ ಜೋಳ ಹಸನು ಮಾಡುತ್ತಾ ಕೂತಿದ್ದರು. ಮಾಸ್ತರು ಮೂಲೆಯ ಬೆಂಚಿನ ಕೆಳಗಿಂದ ಒಂದು ಹಳೆಯ ಪೇಟಿ ಎಳೆದುಕೊಂಡು ಭೀಮಪಲಾಸದಲ್ಲಿ ಹೊಸ ಸಾಲೊಂದನ್ನು ಹಾಡಿದರು:

"ಯಾರ ಬರವಿಗೆ ಕಾದಿಹೆ ಮನವೇ, ದಾರಿಯ ಧೂಳು ಅಡಗಿಹುದು."

ಮತ್ತೆ ಹಾಡಿದರು. ಮೂರನೆಯ ಸಲಕ್ಕೆ ರತ್ನಮ್ಮನವರು ತಲೆಯೆತ್ತದೆ, "ಮಾಸ್ತರ, ಇದು ಅರ್ಧ ಐತ್ರಿ" ಎಂದರು.

"ಅರ್ಧ ತರೋದಷ್ಟ ನನ್ನ ಕೆಲಸ."

"ಎಷ್ಟು ವರ್ಷ ಅರ್ಧಾನ ತರ್ತೀರಿ?"

ಮಾಸ್ತರು ನಕ್ಕರು. ರತ್ನಮ್ಮನವರು ಮೊರ ಕುಟ್ಟುತ್ತಾ ಗುನುಗಿದರು, ನಿಲ್ಲಿಸಿದರು, ಒಂದು ಕಲ್ಲು ಹೆಕ್ಕಿ ಎಸೆದರು. ಆಮೇಲೆ ಕತ್ತು ನೇರ ಮಾಡಿ ಹಾಡಿದರು. "ಹೋದವರೆಲ್ಲ" ಎಂದು ಮೇಲೆ ಹೋಗಿ, ಎರಡು ಮಾತ್ರೆ ಸುಮ್ಮನಿದ್ದು, "ಬಂದರು ಮನೆಗೆ, ನೀನೇ ಹೊರಗೆ ನಿಂತಿರುವೆ" ಎಂದು ಇಳಿದರು. ದನಿ ಒಡೆದಿತ್ತು. ಆದರೂ ನನ್ನ ಪೆನ್ನು ನಿಂತಿತು.

ಖಾಲಿ ಯಾಕೆ ಬಿಟ್ಟಿರಿ ಎಂದು ಕೇಳಿದೆ.

"ಕಂಪನಿ ಸ್ಟೇಜಿನ ಮ್ಯಾಲೆ ಎರಡು ಮೈಕ್ ಇಳಿಬಿಟ್ಟಿರ್ತಿದ್ರವಾ. ಈ ಕಡಿ ಮೈಕಿಗೆ ಮೊದಲ್ನೇ ಮಾತು ಹಾಡಿದ್ರ ಈ ಕಡಿ ಜನ ಶಿಳ್ಳಿ ಹೊಡೀತಿದ್ರು. ಆ ಕಡಿಯವ್ರು ಬಿಡ್ತಾರೇನು? ಎರಡ್ನೇ ಮಾತು ಆ ಮೈಕಿಗೆ. ನಡುಕ ಎರಡು ಹೆಜ್ಜಿ. ನಡೀಬೇಕಲ್ಲ, ಹಾರಾಕ ಬರ್ತೈತೇನು? ಕಾಲಿನ ಚಟ ದನಿಗೆ ಹತ್ತಿಬಿಟ್ಟೈತಿ."

ಅವತ್ತೇ ಸ್ವರ ಬರೆಯುವ ನನ್ನ ವಹಿಯಲ್ಲಿ, ಅಂತರಾ ಯಾರದೆಂದು ಗುರುತಿಸಲು, ಒಂದು ಹೊಸ ಅಂಕಣ ಎಳೆದೆ. ನಿಮ್ಮ ಹೆಸರು ಹೇಗೆ ಬರೆಯಲಿ ಎಂದು ಕೇಳಿದೆ. ಅವರು ಸೆರಗಿನಿಂದ ಕೈ ಒರೆಸಿಕೊಂಡರು.

"ನಾಟಕದ ಬೋರ್ಡಿನ್ಯಾಗ ಕುಮಾರಿ ರತ್ನಾ ಅಂತ ಬರೀತಿದ್ರು. ನಲವತ್ತಾದೋರೂ ಅದರಾಗ ಕುಮಾರಿನ. ಅದು ಬ್ಯಾಡ. 'ರತ್ನಮ್ಮ, ಹಡಗಲಿ' ಅಂತ ಬರಿ, ಸಾಕು." ಸ್ವಲ್ಪ ತಡೆದು, "ಪುಸ್ತಕದಾಗ ಖರೇನ ಬರ್ತೈತೇನು?" ಎಂದರು.

"ಬರ್ತೈತ್ರಿ. ನಾನ ಬರಿಯಾಕಿ."

ಆ ಮಳೆಗಾಲದಲ್ಲಿ ಹಡಗಲಿಗೆ ಒಂಬತ್ತು ಸಲ ಹೋದೆವು. ಮಾಸ್ತರು ನವೆಂಬರಿನ ತನಕ ಕಟ್ಟಿದ ಹೊಸ ಚೀಜು ಹತ್ತೊಂಬತ್ತು. ಅವುಗಳಲ್ಲಿ ಎಂಟಕ್ಕೆ ಅಂತರಾ ರತ್ನಮ್ಮನವರದು, ಮಾತೂ ಅವರದೇ, ಸ್ವರವೂ ಅವರದೇ. ಖಾಲಿ ಬಿಟ್ಟ ಹಳೆಯ ಒಂಬತ್ತರ ಅಂತರಾವೂ ಅವರದೇ, ಅವು ಸೇರಿ ಹದಿನೇಳು. ಒಟ್ಟು ನಲವತ್ತೊಂದರಲ್ಲಿ ಹದಿನೇಳು. ಪ್ರತಿ ಸಲವೂ ಅವರು ನನ್ನ ವಹಿ ಇಸಿದುಕೊಂಡು ತಮ್ಮ ಹೆಸರಿನ ಮೇಲೆ ಬೆರಳಿಟ್ಟು ನಿಧಾನವಾಗಿ ಓದುತ್ತಿದ್ದರು.

ಕೊಟ್ಟೂರಿನ ಪಂಪಣ್ಣ ಮಾಸ್ತರ ವಿಷಯ ಇಲ್ಲಿ ಹೇಳಬೇಕು. ಅವರೂ ವೀರಭದ್ರಯ್ಯ ಮಾಸ್ತರೂ ಒಬ್ಬನೇ ಗುರುವಿನ ಶಿಷ್ಯರು, ಒಂದೇ ಕಂಪನಿಯಲ್ಲಿದ್ದವರು. ಪಂಪಣ್ಣ ರತ್ನಮ್ಮನವರನ್ನು ಮದುವೆಯಾಗುತ್ತೇನೆಂದು ಕೇಳಿದ್ದರಂತೆ. ಅವರು ಒಲ್ಲೆ ಎಂದದ್ದಕ್ಕೆ ವೀರಭದ್ರನೇ ಕಾರಣ ಎಂದು ಅಂದಿನಿಂದ ಇವರ ಜೊತೆ ಮಾತು ಬಿಟ್ಟಿದ್ದರು. ಆದರೆ ಒಬ್ಬರ ಮೇಲೊಬ್ಬರು ಮಾತಾಡುವುದನ್ನು ಬಿಟ್ಟಿರಲಿಲ್ಲ. "ಪಂಪಣ್ಣನ ಹಾಡು ಸರ್ಕಾರಿ ಬಸ್ಸಿದ್ದಂಗ, ಟೈಮಿಗೆ ಬರ್ತೈತಿ, ಒಳಗ ಯಾರೂ ಇರಂಗಿಲ್ಲ" ಎಂದು ಇವರು. "ವೀರಭದ್ರನ ಪೇಟಿಯಾಗ ಗಾಳಿ ಭಾಳ" ಎಂದು ಅವರು. ಹುಸೇನಸಾಬರು ಈ ಮಾತುಗಳನ್ನು ಎರಡೂ ಊರಿಗೆ ಹೊತ್ತು ಹಾಕುವರು. ಆ ಕೆಲಸದಲ್ಲಿ ಅವರಿಗೆ ಬಹಳ ಸುಖ.

ನವೆಂಬರ್ ಇಪ್ಪತ್ತೆರಡಕ್ಕೆ ಅಚ್ಚಿನ ಕರಡು ಬಂತು. ಹದಿನೇಳು ಚೀಜುಗಳ ಕೆಳಗೆ ಸಣ್ಣ ಅಕ್ಷರದಲ್ಲಿ "ಅಂತರಾ: ರತ್ನಮ್ಮ, ಹಡಗಲಿ" ಎಂದಿತ್ತು. ಮೊದಲ ಪುಟದಲ್ಲಿ "ಸಂಗ್ರಹ: ಕು. ಗಿರಿಜಾ, ಬಿ.ಎ." ಎಂದಿತ್ತು. ಸೋಮಣ್ಣ ಮಾವ ಕರಡು ಹಿಡಿದುಕೊಂಡು ನಮ್ಮ ಮನೆಗೇ ಬಂದ.

"ಇದ್ಯಾರು ರತ್ನಮ್ಮ? ಖಾನಾವಳಿ ರತ್ನಿನಾ?"

"ಹೌದು ಮಾವ. ಅಂತರಾ ಆಕಿದು."

"ಆಗಿದ್ರ ಆಗ್ಲಿ ಬಿಡು. ಸನ್ಮಾನಕ್ಕ ಸ್ವಾಮಿಗಳು ಬರ್ತಾರ, ಊರಾಗಿನ ದೊಡ್ಡೋರು ಬರ್ತಾರ. ಅವರ ಕೈಯಾಗ ಮಾಸ್ತರ ಸೂಳಿ ಹೆಸರಿರೋ ಪುಸ್ತಕ ಕೊಡ್ಲಾ?"

"ಹಂಗನ್ನಬ್ಯಾಡ ಮಾವ."

"ನಾ ಅನ್ನಂಗಿಲ್ಲ, ಊರು ಅಂತೈತಿ. ಆ ಸಾಲು ಇದ್ರ ಪುಸ್ತಕ ಇಲ್ಲ. ನೋಡು, ನಿನ್ನ ಹೆಸರು ಎಷ್ಟು ಚೆಂದ ಬಂದೈತಿ. ಗಂಡಿನ ಕಡಿಯೋರಿಗೆ ತೋರಿಸಾಕ ಆಕ್ಕೈತಿ."

ಕರಡು ತೆಗೆದುಕೊಂಡು ಮಾಸ್ತರ ಹತ್ತಿರ ಹೋಗಿ ಮಾವನ ಮಾತು ಹೇಳಿದೆ. ಅವರು ಓದಿದರು. ಕನ್ನಡಕ ತೆಗೆದರು, ಹಾಕಿಕೊಂಡರು. "ಅರವತ್ತು ವರ್ಷಕ್ಕ ಒಂದು ಪುಸ್ತಕ ಆಗಾಕತ್ತಿತ್ತು" ಎಂದರು. ಆಮೇಲೆ, "ನೀ ಬರದಾಕಿ. ನೀನ ನೋಡವಾ" ಎಂದರು.

ಅವರು ಹೇಡಿಯಾದರು ಎಂದು ಅವತ್ತು ಮನಸ್ಸಿನಲ್ಲೇ ಬೈದುಕೊಂಡೆ. ಅವರು ನನ್ನ ಕೈಗೆ ಕೊಟ್ಟದ್ದು ಉಳಿಸಲಿಕ್ಕೂ ಇರಬಹುದಿತ್ತು ಎಂಬುದು ಹೊಳೆಯಲಿಲ್ಲ. ಹೊಳೆದಿದ್ದರೂ ನಾನು ಉಳಿಸುತ್ತಿದ್ದೆನೆಂದು ಹೇಳಲಾರೆ. ಮನೆಗೆ ಬಂದು ಕೆಂಪು ಪೆನ್ನು ತೆಗೆದು ಹದಿನೇಳು ಸಾಲು ಹೊಡೆದೆ. ಸ್ಕೇಲಿಟ್ಟು ಹೊಡೆದೆ. ಗೆರೆ ಸೊಟ್ಟಗಾಗಬಾರದೆಂಬ ಕಾಳಜಿ ಆಗಲೂ ಇತ್ತು. ಮಾರನೆಯ ವಾರ ಆಮಂತ್ರಣ ಪತ್ರಿಕೆಗಳಿಗೆ ವಿಳಾಸ ಬರೆದವಳೂ ನಾನೇ. ರತ್ನಮ್ಮನವರ ಪತ್ರಿಕೆಯ ಮೂಲೆಯಲ್ಲಿ "ತಪ್ಪದೆ ಬರಬೇಕು" ಎಂದು ಬರೆದೆ. ಹೆಸರು ತೆಗೆದದ್ದನ್ನು ಬರೆಯಲಿಲ್ಲ. ಆ ದಿನಗಳಲ್ಲಿ ಹಡಗಲಿಗೆ ಹೋಗುವುದನ್ನೂ ನಾನೂ ಮಾಸ್ತರೂ ಏನೇನೋ ನೆಪ ಹೇಳಿ ತಪ್ಪಿಸಿದೆವು.

ಡಿಸೆಂಬರ್ ಇಪ್ಪತ್ತು, ಭಾನುವಾರ ಮಧ್ಯಾಹ್ನ, ಕಲ್ಯಾಣಮಂಟಪದಲ್ಲಿ ಸನ್ಮಾನ. ಸುಮಾರು ಮುನ್ನೂರು ಜನ. ರತ್ನಮ್ಮನವರು ಖಾನಾವಳಿ ಮುಚ್ಚಿಕೊಂಡು ಬಂದಿದ್ದರು. ಹಸಿರು ಇಳಕಲ್ ಸೀರೆ, ಹೆಂಗಸರ ಕಡೆ ಹಿಂದಿನಿಂದ ಮೂರನೆಯ ಸಾಲು. ಬಾಗಿಲಲ್ಲೇ ಎಲ್ಲರಿಗೂ ಪುಸ್ತಕ ಕೊಟ್ಟಿದ್ದರು. ನಾನು ವೇದಿಕೆಯ ಮೇಲಿಂದ ನೋಡುತ್ತಿದ್ದೆ. ಅವರು ಪುಟದ ಮೇಲೆ ಬೆರಳಿಟ್ಟು ಓದಿದರು. ಪುಟ ತಿರುವಿದರು. ಮತ್ತೆ ಓದಿದರು. ಕೊನೆಯ ಪುಟಕ್ಕೆ ಬಂದು, ಎಲ್ಲಿಯೋ ತಾವೇ ತಪ್ಪಿಸಿಕೊಂಡೆವೇನೋ ಎಂಬಂತೆ ಮತ್ತೆ ಮೊದಲಿನಿಂದ ಶುರು ಮಾಡಿದರು.

ನಾನು ಇಪ್ಪತ್ತಮೂರನೆಯ ಚೀಜು ಹಾಡಿದೆ, ಭೀಮಪಲಾಸದ್ದು. ಮಾಸ್ತರು ಪೇಟಿ, ಹುಸೇನಸಾಬರು ತಬಲಾ. "ಹೋದವರೆಲ್ಲ" ಎಂದು ಎರಡು ಮಾತ್ರೆ ಬಿಟ್ಟೆ. ಹಾಡು ಮುಗಿದು ಚಪ್ಪಾಳೆ ನಿಲ್ಲುವಾಗ ಎರಡನೆಯ ಸಾಲಿನಲ್ಲಿ ಪಂಪಣ್ಣ ಮಾಸ್ತರು ಎದ್ದು ನಿಂತರು. ಮರ್ಯಾದೆಗೆಂದು ಅವರನ್ನೂ ಕರೆದಿದ್ದರು; ಬರುತ್ತಾರೆಂದು ಯಾರೂ ಎಣಿಸಿರಲಿಲ್ಲ.

"ಒಂದು ಮಾತು ಐತ್ರಿ. ಸ್ಥಾಯಿ ವೀರಭದ್ರಂದು, ಒಪ್ತೀನಿ. ಭಾಳ ಛಲೋ ಐತಿ. ಅಂತರಾ ಅವಂದಲ್ಲ."

ಸಭೆ ಗುಜುಗುಜು ಎಂದಿತು. ಯಾರೋ, "ಬಂತಪಾ ಕೊಟ್ಟೂರ ಬಸ್ಸು" ಎಂದರು. ನಗು ಎದ್ದಿತು.

"ನಗ್ರಿ. ಆ ಎರಡು ಮಾತ್ರಿ ಖಾಲಿ ಯಾರು ಬಿಡ್ತಾರಂತ ನನಗ ಗೊತ್ತೈತಿ. ಆರು ವರ್ಷ ದಿನಾ ಕೇಳೀನಿ. ಆಕಿ ಇಲ್ಲೇ ಕುಂತಾಳ. ಆಕಿ ಹೆಸರು ಪುಸ್ತಕದಾಗ ಯಾಕಿಲ್ಲ?"

ಮೂವತ್ತು ವರ್ಷ ಸಿಟ್ಟು ಹಿಡಿದಿದ್ದ ಮನುಷ್ಯ ಕೇಳಿದ್ದು ತನ್ನನ್ನು ಒಲ್ಲೆ ಎಂದವಳ ಹೆಸರನ್ನು. ಮಾಸ್ತರ ಕೈ ಪೇಟಿಯ ಮೇಲೆ ಹಾಗೇ ಇತ್ತು. ಸೋಮಣ್ಣ ಮಾವ ಮೈಕ್ ಹಿಡಿದ. "ಜಗಳ ಯಾಕ್ರಿ? ಬರದಾಕಿ ಇಲ್ಲೇ ಅದಾಳ. ತಾರೀಖು ತಪ್ಪಿ ಹೇಳಿದಾಕಿ ಅಲ್ಲ. ಗಿರಿಜಾ, ಹೇಳವಾ" ಎಂದು ಮೈಕನ್ನು ನನ್ನ ಬಾಯಿಯ ಹತ್ತಿರ ತಂದ.

"ಇಪ್ಪತ್ತಮೂರನೇ ಚೀಜು. ಆಗಸ್ಟ್ ಹದಿನಾರು, ಭಾನುವಾರ. ಸ್ಥಾಯಿ, ಅಂತರಾ ಎರಡೂ ಮಾಸ್ತರದು. ನನ್ನ ದಿನಚರಿಯಾಗ ಐತಿ."

ತಾರೀಖು ಒಂದೇ ನಿಜ. ಅದಕ್ಕೇ ಉಳಿದದ್ದನ್ನೂ ನಂಬಿದರು. ಚಪ್ಪಾಳೆ ಬಿತ್ತು. "ಹೊಟ್ಟಿಕಿಚ್ಚು" ಎಂದು ಯಾರೋ ಕೂಗಿದರು. ಪಂಪಣ್ಣ ಮಾಸ್ತರು ನನ್ನನ್ನೇ ನೋಡುತ್ತಾ, "ಆತು ತಂಗಿ, ನೀ ಅಂದಂಗ ಆಗ್ಲಿ" ಎಂದು ಕೂತರು. ನಾನು ಹೆಂಗಸರ ಕಡೆ ನೋಡುವ ಧೈರ್ಯ ಮಾಡುವಷ್ಟರಲ್ಲಿ ಆ ಕುರ್ಚಿ ಖಾಲಿಯಾಗಿತ್ತು. ಅದರ ಮೇಲೆ ಪುಸ್ತಕ ಬೋರಲಾಗಿ ಬಿದ್ದಿತ್ತು. ಊಟದ ಹೊತ್ತಿಗೆ ಹುಸೇನಸಾಬರು ನನ್ನ ಮುಂದೆ ಹಾದುಹೋಗುವಾಗ, "ಹಾದಿ ಬಿಡ್ರಿ ಗಿರಿಜಮ್ಮಾರ" ಎಂದರು. ಅಂದಿನಿಂದ ಅವರು ನನ್ನನ್ನು ಕಾರಕೂನವ್ವ ಎಂದು ಕರೆಯಲಿಲ್ಲ.

ಮೂರು ವಾರ ಮಾಸ್ತರು ಹಡಗಲಿಗೆ ಹೋಗಲಿಲ್ಲ. ಬೆಳಿಗ್ಗೆ ಪೇಟಿ ತೆಗೆದು ಒಂದು ಸ್ಥಾಯಿ ನುಡಿಸುವರು, ಅದನ್ನೇ ಮತ್ತೆ ನುಡಿಸುವರು, ಬಿಟ್ಟುಬಿಡುವರು. ಜನವರಿ ಹತ್ತರಂದು ನಾನೊಬ್ಬಳೇ ಹೋದೆ. ಹೋಗುತ್ತೇನೆಂದು ಮಾಸ್ತರಿಗೆ ಹೇಳಿಯೇ ಹೋದೆ.

ರತ್ನಮ್ಮನವರು ಬಾ ಎನ್ನಲಿಲ್ಲ, ಹೋಗು ಎನ್ನಲಿಲ್ಲ. ತಾಟು ಇಟ್ಟು ರೊಟ್ಟಿ ಹಾಕಿದರು. ನಾನು ಮೂಲ ವಹಿ ತೆಗೆದು ಅವರ ಮುಂದಿಟ್ಟೆ. "ಇದರಾಗ ಎಲ್ಲಾ ಹಂಗ ಐತ್ರಿ. ನಾ ಸುಳ್ಳ ಹೇಳಿದೆ. ಸಮಿತಿಗೆ ಕಾಗದ ಬರೀತೀನಿ" ಎಂದೆ.

"ಅವತ್ತು ಎಲ್ಲಾರ ಮುಂದ ಕೇಳಿದ್ರು. ಅವತ್ತು ಹೇಳೋದಿತ್ತು. ಅಂತರಾ ನಂದು ಅಂತ ನನ್ನ ಖಾನಾವಳಿಯಾಗ ಬಂದು ನನಗ ಹೇಳಿದ್ರ, ಇದೇನು ಹೊಸ ಸುದ್ದಿಯೇನವಾ ನನಗ?"

ನಾನು ಅತ್ತೆ. ಅವರು ಸಮಾಧಾನ ಮಾಡಲಿಲ್ಲ. "ರೊಟ್ಟಿ ಆರ್ತೈತಿ" ಎಂದರು, ಅಷ್ಟೇ. ಊಟವಾದ ಮೇಲೆ ತಾಟು ಎತ್ತುತ್ತಾ, ಬೆನ್ನು ಹಾಕಿಯೇ ಕೇಳಿದರು: "ಪೇಟಿ ನುಡಸ್ತಾರೇನು?"

"ನುಡಸ್ತಾರ್ರಿ. ಅರ್ಧಕ್ಕ ಬಿಡ್ತಾರ."

ಬಚ್ಚಲಲ್ಲಿ ತಾಟು ತೊಳೆದರು. ತೊಳೆದದ್ದನ್ನೇ ಮತ್ತೊಮ್ಮೆ ತೊಳೆದರು. "ಐತವಾರ ಬಾಗಲಾ ತಗದ ಇರ್ತೈತಿ. ನಾ ಏನ್ ಹಾಕಿಲ್ಲ. ಆದ್ರ ನಾ ಹಿಂಗಂದೆ ಅಂತ ಅವರಿಗೆ ಹೇಳಬ್ಯಾಡ. ಬಂದ್ರ ತಾವಾಗೇ ಬರ್ಲಿ."

ಇನ್ನೂ ಬಿಸಿಲಿರುವಾಗಲೇ ಹರಪನಹಳ್ಳಿ ಮುಟ್ಟಿದೆ. ಮಾಸ್ತರು ಕಟ್ಟೆಯ ಮೇಲೆ ಕೂತಿದ್ದರು.

"ಏನಂದ್ಲು?"

ಹೇಳಬೇಡ ಎಂದು ರತ್ನಮ್ಮನವರು ಹೇಳಿದ್ದರು. ಒಂದು ಮಾತು ಮುರಿದವಳು ಈ ಮಾತನ್ನಾದರೂ ಉಳಿಸಿಕೊಳ್ಳಬೇಕು ಎಂದುಕೊಂಡೆ. ಹೆಂಗಸು ಹಾಗೆ ಹೇಳಬೇಡ ಎನ್ನುವುದು ಯಾವಾಗ ಎಂದು ಇಪ್ಪತ್ತೆರಡು ವರ್ಷದವಳಿಗೆ ತಿಳಿಯದೆ ಇರುತ್ತದೆಯೇ? ತಿಳಿದಿತ್ತು. ಆದರೆ ಅದನ್ನು ಹೇಳಿದರೆ ಉಳಿದದ್ದನ್ನೂ ಹೇಳಬೇಕಾಗುತ್ತಿತ್ತು: ಹೊಸ ಸುದ್ದಿಯೇನು ಎಂದು ಕೇಳಿದ್ದನ್ನು, ನಾನು ಅತ್ತದ್ದನ್ನು.

"ಏನೂ ಅನ್ನಲಿಲ್ರಿ."

"ಏನೂ ಅನ್ನಲಿಲ್ಲ?"

"ಇಲ್ರಿ."

ಅವರು ಬಹಳ ಹೊತ್ತು ತಲೆಯಾಡಿಸಿದರು. "ಬೈದಿದ್ರೂ ಹೋಗ್ತಿದ್ದೆ" ಎಂದರು.

ನಾನು ಮನೆಯ ದಾರಿ ಹಿಡಿದೆ.

ಮಾಸ್ತರು ಮತ್ತೆ ಹಡಗಲಿಗೆ ಹೋಗಲೇ ಇಲ್ಲ; ೨೦೦೧ರ ಮೇ ತಿಂಗಳ ಎರಡನೆಯ ವಾರ ತೀರಿಕೊಂಡರು. ಹಡಗಲಿಗೆ ಸುದ್ದಿ ಮುಟ್ಟಿಸಿದವರು ಹುಸೇನಸಾಬರು. ನಾನು ಆ ರಾತ್ರಿ ದಿನಚರಿಗಳನ್ನು ತೆಗೆದು, ಜನವರಿ ಹತ್ತರ ಮಾರನೆಯ ವಾರದಿಂದ ಮಾಸ್ತರು ಬದುಕಿದ್ದಷ್ಟು ದಿನದಲ್ಲಿ ಎಷ್ಟು ಭಾನುವಾರ ಬಂದುಹೋದವೆಂದು ಎಣಿಸಿದೆ. ನೂರ ಇಪ್ಪತ್ತೊಂದು. ತಪ್ಪಿರಬಹುದೆಂದು ಎರಡನೆಯ ಸಲ ಎಣಿಸಿದೆ. ತಪ್ಪಿರಲಿಲ್ಲ.